ಕೌದಿಯ ಚೌಕ ಕೂಡ್ತಾ ಇಲ್ವಾ? ಬಿಚ್ಚುವ ಮೊದಲು ಇಷ್ಟು ನೋಡಿ

ತುಂಡು ಬಟ್ಟೆ ಜೋಡಿಸಿ ಕೌದಿ ಹೊಲಿಯಲು ಹೊರಟವರು ಹೆಚ್ಚಾಗಿ ಸೋಲುವುದು ಒಂದೇ ಜಾಗದಲ್ಲಿ. ಚೌಕಗಳನ್ನು ಕತ್ತರಿಸಿದ್ದಾಯಿತು, ಮೂರು ಮೂರು ಸೇರಿಸಿ ಮೂರು ಸಾಲು ಮಾಡಿದ್ದೂ ಆಯಿತು. ಸಾಲಿಗೆ ಸಾಲು ಹೊಲಿದು ಬಿಡಿಸಿ ನೋಡಿದರೆ ನಡುವಿನ ಮೂಲೆಗಳು ಜಾರಿ ಕೂತಿರುತ್ತವೆ. ಬಿಚ್ಚುತ್ತಾರೆ, ಮತ್ತೆ ಹೊಲಿಯುತ್ತಾರೆ. ಈ ಸಲ ಇನ್ನೊಂದು ಮೂಲೆ ಜಾರುತ್ತದೆ. ಮೂರನೇ ಸಲಕ್ಕೆ ಬಟ್ಟೆಯ ಅಂಚು ಎಳೆ ಎಳೆಯಾಗಿ, ಇಡೀ ಗಂಟು ಅಟ್ಟ ಸೇರುತ್ತದೆ.

ತಪ್ಪು ಕಾಣುವ ಜಾಗ ಒಂದು, ಆದ ಜಾಗ ಇನ್ನೊಂದು. ಅದಕ್ಕೇ ಹೀಗಾಗುವುದು. ಮೂಲೆಯಲ್ಲಿ ಕಾಣುವ ತಪ್ಪು ಆಗಿರುವುದು ಕತ್ತರಿಸುವಾಗ, ಹಿಂದಿನ ಹೊಲಿಗೆ ಹಾಕುವಾಗ, ಇಲ್ಲವೇ ಇಸ್ತ್ರಿ ಹಾಕುವಾಗ. ಮೂಲೆಯನ್ನಷ್ಟೇ ಬಿಚ್ಚಿ ಹೊಲಿದರೆ ಅದು ಮತ್ತೆ ಬರುತ್ತದೆ. ಹಾಗಾಗಿ ಇಲ್ಲಿ ಹೊಲಿಯುವುದಕ್ಕಿಂತ ಹುಡುಕುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಒಂಬತ್ತು ಚೌಕದ ಒಂದು ಬ್ಲಾಕ್, ಅಂದರೆ ಮೂರು ಸಾಲು ಸೇರಿದ ಒಂದು ದೊಡ್ಡ ಚೌಕ, ಇಟ್ಟುಕೊಳ್ಳೋಣ. ಪ್ರತಿ ಚೌಕ ಕತ್ತರಿಸಿದಾಗ 3.5 ಇಂಚು, ಮಾರ್ಜಿನ್ (ಹೊಲಿಗೆಯಿಂದ ಬಟ್ಟೆಯ ಅಂಚಿನವರೆಗೆ ಬಿಡುವ ಜಾಗ) ಕಾಲು ಇಂಚು. ಮನೆಯ ಸಾದಾ ಮೆಶಿನ್, ಕಾಟನ್ ಬಟ್ಟೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಹೊಲಿಗೆ ಬಿಚ್ಚುವ ಸಣ್ಣ ಉಪಕರಣ, ಸೀಮ್ ರಿಪ್ಪರ್, ಒಂದು ಬೇಕೇ ಬೇಕು. ದರ್ಜಿಗಳು ಅರ್ಧ ಬ್ಲೇಡಿನಲ್ಲಿ ಸರ್ರನೆ ಬಿಚ್ಚುತ್ತಾರೆ, ನಿಜ. ಅವರ ಕೈ ಪಳಗಿದೆ. ನೀವು ಬ್ಲೇಡ್ ಹಿಡಿದರೆ ಹೊಲಿಗೆಯ ಜೊತೆ ಬಟ್ಟೆಯೂ ಹೋಗುತ್ತದೆ, ಒಮ್ಮೊಮ್ಮೆ ಬೆರಳೂ. ರಿಪ್ಪರ್ ಮೊಂಡಾದರೆ ಹೊಸದು ತನ್ನಿ. ಮೊಂಡು ರಿಪ್ಪರನ್ನು ಒತ್ತಿ ಒತ್ತಿ ಬಿಚ್ಚುವಾಗಲೇ ಬಟ್ಟೆ ಹರಿಯುವುದು.

ಇಂಚಿನ ಗುರುತು ಇರುವ ಸ್ಟೀಲ್ ಸ್ಕೇಲ್ ಇರಲಿ. ಅಳತೆ ಟೇಪು ಹಳೆಯದಾದರೆ ಎಳೆದು ಎಳೆದು ಉದ್ದವಾಗಿರುತ್ತದೆ. ಸ್ಕೇಲಿನ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಕಂಡರೆ ಈ ಕೆಲಸಕ್ಕೆ ಟೇಪು ಬೇಡ. ತೆಳ್ಳಗಿನ ಗುಂಡುಪಿನ್ನು, ಮಾಸ್ಕಿಂಗ್ ಟೇಪು, ಇಸ್ತ್ರಿ ಪೆಟ್ಟಿಗೆ, ಸ್ವಲ್ಪ ಗಂಜಿ, ಒಂದು ಹೊಸ ಸೂಜಿ. ತೆಳು ಕಾಟನ್ನಿಗೆ 11ನೇ ನಂಬರಿನ ಸೂಜಿ, ಸಾಧಾರಣ ದಪ್ಪದ್ದಕ್ಕೆ 14. ಮತ್ತೆ ಒಳ್ಳೆಯ ಬೆಳಕು. ಕಪ್ಪು ಬಟ್ಟೆಯ ಮೇಲಿನ ಕಪ್ಪು ದಾರವನ್ನು ರಾತ್ರಿ ಟ್ಯೂಬ್‌ಲೈಟಿನಲ್ಲಿ ಬಿಚ್ಚಲು ಕೂತರೆ ಸಿಟ್ಟು ಬರುವುದು ಖಂಡಿತ.

ಹಂತ 1: ಮೆಶಿನ್ ನಿಲ್ಲಿಸಿ, ರಿಪ್ಪರ್ ಮುಟ್ಟಬೇಡಿ

ಮೂಲೆ ಜಾರಿದೆ ಅಂತ ಕಂಡ ಕೂಡಲೇ ಬಿಚ್ಚಲು ಕೈ ಹೋಗುತ್ತದೆ. ಬೇಡ. ಹೊಲಿದದ್ದು ಹೊಲಿದ ಹಾಗೇ ಇದ್ದರೆ ಅದು ಸಾಕ್ಷಿ. ಬಿಚ್ಚಿಬಿಟ್ಟರೆ ಮಾರ್ಜಿನ್ ಎಷ್ಟಿತ್ತು, ಯಾವ ತುಂಡು ಎಳೆದುಕೊಂಡಿತ್ತು ಅಂತ ನೋಡಲು ಏನೂ ಉಳಿಯುವುದಿಲ್ಲ.

ಬ್ಲಾಕನ್ನು ಮೇಜಿನ ಮೇಲೆ ಒಳಬದಿ ಮೇಲಾಗಿ ಹರಡಿ. ಕೈಯಿಂದ ಎಳೆಯಬೇಡಿ, ಸುಮ್ನೆ ಸವರಿ. ಅದು ಚಪ್ಪಟೆಯಾಗಿ ಕೂತಿತಾ? ನಡುವೆ ಉಬ್ಬಿತಾ? ಅಂಚು ಅಲೆಅಲೆಯಾಗಿದೆಯಾ? ನಡುವೆ ಉಬ್ಬಿದ್ದರೆ ಅಂಚಿನ ಹೊಲಿಗೆ ಬಿಗಿಯಾಗಿದೆ, ಇಲ್ಲವೇ ಮಾರ್ಜಿನ್ ಅಂಚಿನ ಕಡೆ ಜಾಸ್ತಿ ಹೋಗಿದೆ. ಅಂಚು ಅಲೆಯಾಗಿದ್ದರೆ ಬಟ್ಟೆ ಎಳೆದುಕೊಂಡಿದೆ. ಚಪ್ಪಟೆಯಾಗಿದ್ದೂ ಮೂಲೆ ಕೂಡದಿದ್ದರೆ ಅಳತೆಯದ್ದೇ ತಪ್ಪು.

ಹಂತ 2: ಇದೇ ಕ್ರಮದಲ್ಲಿ ಅಳೆಯಿರಿ

ಮೊದಲು ಇಡೀ ಬ್ಲಾಕ್. ಮೂರು ಚೌಕ ಸೇರಿದರೆ 10.5 ಇಂಚು. ನಡುವೆ ಎರಡು ಹೊಲಿಗೆ, ಒಂದೊಂದು ಹೊಲಿಗೆಗೆ ಎರಡು ಕಡೆಯ ಕಾಲು ಇಂಚು ಸೇರಿ ಅರ್ಧ ಇಂಚು ಹೋಗುತ್ತದೆ. ಉಳಿಯಬೇಕಾದ್ದು 9.5 ಇಂಚು. ಬ್ಲಾಕನ್ನು ಅಡ್ಡ ಮೂರು ಕಡೆ, ಉದ್ದ ಮೂರು ಕಡೆ ಅಳೆಯಿರಿ. ಎರಡು ಅಂಚು, ಒಂದು ನಡು.

ಎಲ್ಲ ಕಡೆ ಒಂದೇ ರೀತಿ ಕಡಿಮೆ ಬಂದರೆ, ಉದಾಹರಣೆಗೆ 9 ಇಂಚು ಬಂದರೆ, ನಿಮ್ಮ ಮಾರ್ಜಿನ್ ಕಾಲು ಇಂಚಲ್ಲ, 3/8 ಇಂಚು. ಪ್ರತಿ ಬದಿಯಲ್ಲಿ 1/8 ಇಂಚು, ಅಂದರೆ ಸುಮಾರು 3 ಮಿಲಿಮೀಟರ್, ಜಾಸ್ತಿ ಹೋಗಿದೆ. ಒಂದು ಹೊಲಿಗೆಗೆ ಎರಡು ಬದಿ, ಬ್ಲಾಕಿಗೆ ಎರಡು ಹೊಲಿಗೆ. ಅಷ್ಟಕ್ಕೇ ಅರ್ಧ ಇಂಚು ಮಾಯ. ಇದು ನಿಜಕ್ಕೂ ಸುಲಭದ ತಪ್ಪು. ಎಲ್ಲ ಬ್ಲಾಕೂ ಹೀಗೇ ಇದ್ದರೆ ಏನೂ ಬಿಚ್ಚಬೇಕಿಲ್ಲ, ಕೌದಿ ಸ್ವಲ್ಪ ಚಿಕ್ಕದಾಗುತ್ತದೆ ಅಷ್ಟೇ.

ಒಂದು ಕಡೆ 9.5, ಇನ್ನೊಂದು ಕಡೆ 9.25 ಬಂದರೆ ತಲೆನೋವು. ಆಗ ಒಳಬದಿಯಲ್ಲಿ ಪ್ರತಿ ಹೊಲಿಗೆಯ ಮಾರ್ಜಿನ್ ಅಳೆಯಿರಿ, ಶುರುವಿನಲ್ಲಿ, ನಡುವೆ, ಕೊನೆಯಲ್ಲಿ. ಹೆಚ್ಚಿನವರ ಹೊಲಿಗೆ ಕೊನೆಯ ಒಂದು ಇಂಚಿನಲ್ಲಿ ಬಲಕ್ಕೋ ಎಡಕ್ಕೋ ತಿರುಗಿರುತ್ತದೆ. ಬಟ್ಟೆ ಮುಗಿಯುತ್ತಾ ಬಂದಂತೆ ಹಿಡಿದ ಕೈ ಬಿಟ್ಟುಬಿಡುತ್ತೇವೆ, ಅದಕ್ಕೆ.

ಮಾರ್ಜಿನ್ ಸರಿಯಿದ್ದೂ ಅಳತೆ ತಪ್ಪಿದ್ದರೆ ಕತ್ತರಿಸಿದ್ದೇ ತಪ್ಪು. ಹೊಲಿಯದೆ ಉಳಿದ ಚೌಕಗಳಿದ್ದರೆ ಹತ್ತನ್ನು ಒಂದರ ಮೇಲೊಂದು ಪೇರಿಸಿ ಪಕ್ಕದಿಂದ ನೋಡಿ. ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಕಾರಣ ಸಿಕ್ಕಿತು. ಹೀಗಾಗುವುದು ಹೆಚ್ಚಾಗಿ ಮೊದಲ ಚೌಕವನ್ನು ಅಚ್ಚಾಗಿಟ್ಟು ಎರಡನೆಯದು, ಎರಡನೆಯದನ್ನು ಇಟ್ಟು ಮೂರನೆಯದು ಅಂತ ಕತ್ತರಿಸಿದಾಗ. ಪ್ರತಿ ಸಲ ಒಂದು ಎಳೆಯಷ್ಟು ದೊಡ್ಡದಾಗುತ್ತಾ ಹೋಗುತ್ತದೆ. ದಪ್ಪ ರಟ್ಟಿನಲ್ಲಿ ಒಂದು ಅಚ್ಚು ಮಾಡಿ ಎಲ್ಲವನ್ನೂ ಅದರಿಂದಲೇ ಗುರುತು ಹಾಕಿ. ರಟ್ಟಿನ ಮೂಲೆ ಸವೆದ ಕೂಡಲೇ ಬದಲಿಸಿ.

ಕೊನೆಗೆ ಇಸ್ತ್ರಿ. ಹೊಲಿಗೆಯ ಪಕ್ಕದಲ್ಲಿ ಮೇಲ್ಬದಿಯಿಂದ ಉಗುರು ಎಳೆದು ನೋಡಿ. ಬಟ್ಟೆ ಪೂರ್ತಿ ತೆರೆದುಕೊಳ್ಳದೆ ಸಣ್ಣ ಮಡಿಕೆ ಉಳಿದಿದ್ದರೆ ಅಲ್ಲೇ ಅಳತೆ ಅಡಗಿದೆ. ಮತ್ತೆ ಇಸ್ತ್ರಿ ಒತ್ತಿದರೆ ಕಳೆದುಹೋದ 1/8 ಇಂಚು ವಾಪಸ್ ಬರಬಹುದು. ಅದೃಷ್ಟ ಇದ್ದರೆ ಇಲ್ಲಿಗೇ ಕೆಲಸ ಮುಗಿಯಿತು.

ಹಂತ 3: ಮೆಶಿನ್ನಿಗೆ ಒಂದು ಪರೀಕ್ಷೆ

ನಮ್ಮ ಕಡೆಯ ಸಾದಾ ಮೆಶಿನ್ನಿನಲ್ಲಿ ಬಟ್ಟೆ ಒತ್ತಿ ಹಿಡಿಯುವ ಪಾದಕ್ಕೆ ಕಾಲು ಇಂಚಿನ ಲೆಕ್ಕ ಗೊತ್ತಿಲ್ಲ. ಪಾದದ ಅಂಚಿಗೆ ಬಟ್ಟೆಯ ಅಂಚು ಇಟ್ಟು ಹೊಲಿಯುತ್ತೇವೆ, ಅದು ಕಾಲು ಇಂಚೇ ಇರಬೇಕೆಂದೇನೂ ಇಲ್ಲ. ಸೂಜಿಯ ಕೆಳಗೆ ಸ್ಟೀಲ್ ಸ್ಕೇಲ್ ಇಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿ ನಿಧಾನಕ್ಕೆ ಇಳಿಸಿ. ಸೂಜಿಯ ಮೊನೆ ಸ್ಕೇಲಿನ ಕಾಲು ಇಂಚಿನ ಗೆರೆಯ ಮೇಲೆ ಬರಬೇಕು. ಆಗ ಸ್ಕೇಲಿನ ಬಲ ಅಂಚಿಗೆ ತಾಗಿಸಿ ಮಾಸ್ಕಿಂಗ್ ಟೇಪು ಅಂಟಿಸಿ. ನಾಲ್ಕೈದು ಪದರ ಅಂಟಿಸಿದರೆ ಒಂದು ಸಣ್ಣ ಗೋಡೆಯಾಗುತ್ತದೆ, ಬಟ್ಟೆ ಅದಕ್ಕೆ ತಾಗಿಕೊಂಡೇ ಸಾಗುತ್ತದೆ. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳ ಮೇಲೆ ಟೇಪು ಬಾರದಿರಲಿ.

ಈಗ ಪರೀಕ್ಷೆ. 1.5 ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಉದ್ದ ಒಂದು ಗೇಣು ಸಾಕು. ಮೂರನ್ನೂ ಪಕ್ಕಪಕ್ಕ ಹೊಲಿದು ಇಸ್ತ್ರಿ ಹಾಕಿ. ನಡುವಿನ ಪಟ್ಟಿಯನ್ನು ಅಳೆಯಿರಿ, ಸರಿಯಾಗಿ 1 ಇಂಚು ಬರಬೇಕು. ಕಡಿಮೆ ಬಂದರೆ ಟೇಪನ್ನು ಸೂಜಿಯ ಕಡೆಗೆ ಒಂದು ಎಳೆಯಷ್ಟು ಸರಿಸಿ. ಹೆಚ್ಚು ಬಂದರೆ ಆಚೆ ಸರಿಸಿ. ಹೆಚ್ಚಿನವರಿಗೆ ಕಾಲು ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆ ಹೊಲಿದಾಗಲೇ 1 ಇಂಚು ಬರುತ್ತದೆ. ಬಟ್ಟೆ ಮಡಿಚಿಕೊಳ್ಳುವಲ್ಲಿ ಅಷ್ಟು ಜಾಗ ದಾರ ಮತ್ತು ಮಡಿಕೆಗೇ ಹೋಗುತ್ತದೆ.

ಇದೇ ಪಟ್ಟಿಯಲ್ಲಿ ಹೊಲಿಗೆಯನ್ನೂ ನೋಡಿಬಿಡಿ. ಒಂದು ಇಂಚಿನಲ್ಲಿ 10ರಿಂದ 12 ಕುಣಿಕೆ (ಒಂದೊಂದು ಬಿಡಿ ಹೊಲಿಗೆ) ಇರಲಿ. ಇನ್ನೂ ಸಣ್ಣದಿದ್ದರೆ ಬಿಚ್ಚುವಾಗ ಪ್ರಾಣ ಹೋಗುತ್ತದೆ. ಕೆಳಗಿನ ಬದಿಯಲ್ಲಿ ದಾರ ಗೊಂಚಲಾಗಿದ್ದರೆ ಕೆಳಗಿನ ದಾರ ಸುತ್ತಿದ ಬಾಬಿನ್ ಮುಟ್ಟಬೇಡಿ. ತಪ್ಪು ಮೇಲಿನ ದಾರದ್ದು. ಪಾದ ಮೇಲೆತ್ತಿ, ದಾರವನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ. ಪಾದ ಇಳಿಸಿಕೊಂಡೇ ಪೋಣಿಸಿದರೆ ದಾರ ತನ್ನನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂರುವುದಿಲ್ಲ. ಹೊಲಿಗೆ ನಡುನಡುವೆ ತಪ್ಪುತ್ತಿದ್ದರೆ, ಟಕ್ ಟಕ್ ಅಂತ ಸದ್ದು ಬಂದರೆ ಸೂಜಿ ಬದಲಿಸಿ. ಮೆಶಿನ್ ರಿಪೇರಿಗೆ ಒಯ್ಯುವ ಮೊದಲು ಈ ಎರಡನ್ನು ಮಾಡಿ ನೋಡಿದರೆ ಎಷ್ಟೋ ಸಲ ಒಯ್ಯುವ ಕೆಲಸವೇ ಇರುವುದಿಲ್ಲ.

ಹಂತ 4: ಬಿಚ್ಚಬೇಕಾ, ಬಿಡಬಹುದಾ?

ಇಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಕಾಣುವ ಪ್ರತಿ ತಪ್ಪನ್ನೂ ಬಿಚ್ಚಬೇಕು ಅನ್ನುವವರ ಕೌದಿ ಮುಗಿಯುವುದು ಅಪರೂಪ. ಬಿಚ್ಚುವುದಕ್ಕೂ ಬೆಲೆ ಇದೆ. ಪ್ರತಿ ಸಲ ಅಂಚಿನ ಎಳೆ ಬಿಡುತ್ತದೆ, ಬಟ್ಟೆ ಎಳೆದುಕೊಳ್ಳುತ್ತದೆ, ಮುಂದಿನ ಹೊಲಿಗೆ ಇನ್ನೂ ಕಷ್ಟವಾಗುತ್ತದೆ.

ಹೀಗೆ ನಿರ್ಧರಿಸಿ. ಮೂಲೆ ಜಾರಿದ್ದು 1/16 ಇಂಚಿನೊಳಗೆ ಇದ್ದರೆ, ಅಂದರೆ ಒಂದೂವರೆ ಮಿಲಿಮೀಟರ್, ಬಿಟ್ಟುಬಿಡಿ. ಮೇಲೆ ಕೈಹೊಲಿಗೆಯ ಸಾಲು ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ. 1/8 ಇಂಚು ಇದ್ದರೆ ಬ್ಲಾಕನ್ನು ಗೋಡೆಗೆ ಪಿನ್ ಮಾಡಿ ಏಳೆಂಟು ಅಡಿ ದೂರ ನಿಂತು ನೋಡಿ. ಕಣ್ಣು ಮೊದಲು ಅಲ್ಲಿಗೇ ಹೋದರೆ ಬಿಚ್ಚಿ, ಇಲ್ಲದಿದ್ದರೆ ಬೇಡ. ಎರಡು ಕಡು ಬಣ್ಣ ಸೇರುವಲ್ಲಿ ಇಷ್ಟು ತಪ್ಪು ಅಡಗುತ್ತದೆ. ಬಿಳಿ ಮತ್ತು ಕೆಂಪು ಸೇರುವಲ್ಲಿ ಅಡಗುವುದಿಲ್ಲ.

ಬಿಡಲೇಬಾರದ ತಪ್ಪುಗಳೂ ಇವೆ. ಮಾರ್ಜಿನ್ 1/8 ಇಂಚಿಗಿಂತ ಕಡಿಮೆಯಾದ ಜಾಗ ಒಗೆದಾಗ ಬಿಚ್ಚಿಕೊಳ್ಳುತ್ತದೆ, ಅದನ್ನು ಇವತ್ತೇ ಸರಿಮಾಡಬೇಕು. ಕೆಳಗಿನ ಪದರ ಹೊಲಿಗೆಗೆ ಸಿಗದೆ ತೂತು ಉಳಿದಿದ್ದರೂ ಅಷ್ಟೇ. ಆದರೆ ಈ ಎರಡಕ್ಕೂ ಬಿಚ್ಚಬೇಕಾಗಿಲ್ಲ. ಅದೇ ಜಾಗದಲ್ಲಿ ಒಂದಿಷ್ಟು ಒಳಗೆ ಇನ್ನೊಂದು ಹೊಲಿಗೆ ಹಾಕಿದರೆ ಸಾಕು, ಆಮೇಲೆ ಬ್ಲಾಕಿನ ಅಳತೆ ನೋಡಿಕೊಳ್ಳಿ.

ಒಂದೇ ಹೊಲಿಗೆಯನ್ನು ಎರಡು ಸಲ ಬಿಚ್ಚಿದ್ದಾಗಿದ್ದರೆ ಮೂರನೇ ಸಲ ಬಿಚ್ಚಬೇಡಿ. ಆ ತುಂಡನ್ನೇ ಬದಲಿಸಿ. ಒಂದು ಚೌಕ ಬಟ್ಟೆ ಹೋಗುತ್ತದೆ, ಒಂದು ಸಂಜೆ ಉಳಿಯುತ್ತದೆ. ಹಳೆ ಸೀರೆಯಾದರಂತೂ ಎರಡನೇ ಸಲವೂ ಯೋಚಿಸಿ. ಸವೆದ ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಎಳೆಗಳ ನಡುವೆ ಬೆಳಕು ತೂರುತ್ತದೆ. ಎರಡು ಹೆಬ್ಬೆರಳಿನಲ್ಲಿ ಸ್ವಲ್ಪ ಎಳೆದಾಗ ಚರ್ ಅಂದರೆ ಅದು ಬಿಚ್ಚಿ ಹೊಲಿಯುವ ಬಟ್ಟೆಯಲ್ಲ.

ಹಂತ 5: ಬಿಚ್ಚುವ ಕ್ರಮ

ಎರಡು ಪದರವನ್ನು ಹಿಡಿದು ಅಗಲಿಸಿ, ನಡುವೆ ರಿಪ್ಪರ್ ಓಡಿಸುವುದು ಎಲ್ಲರೂ ಮಾಡುವ ಕೆಲಸ. ಬೇಗ ಆಗುತ್ತದೆ, ಅಂಚೂ ಎಳೆದುಹೋಗುತ್ತದೆ. ಓರೆಯಾಗಿ ಕತ್ತರಿಸಿದ ತುಂಡಿಗೆ ಹೀಗೆ ಮಾಡಿದರೆ ಅದು ಮತ್ತೆ ಆಕಾರಕ್ಕೆ ಬರುವುದಿಲ್ಲ.

ಬ್ಲಾಕನ್ನು ಮೇಜಿನ ಮೇಲೆ ಮಲಗಿಸಿ, ಹೊಲಿಗೆ ಮೇಲೆ ಕಾಣಲಿ. ರಿಪ್ಪರಿನ ಉದ್ದ ಮೊನೆಯನ್ನು ಕುಣಿಕೆಯ ಕೆಳಗೆ ತೂರಿಸಿ ಕತ್ತರಿಸಿ. ಮೂರು ಕುಣಿಕೆ ಬಿಟ್ಟು ನಾಲ್ಕನೆಯದನ್ನು ಕತ್ತರಿಸಿ. ಮತ್ತೆ ಮೂರು ಬಿಡಿ, ನಾಲ್ಕನೆಯದು. ಹೀಗೆ ಕೊನೆಯವರೆಗೆ ಒಂದೇ ಬದಿಯಲ್ಲಿ. ಆಮೇಲೆ ಬಟ್ಟೆ ತಿರುಗಿಸಿ ಇನ್ನೊಂದು ಬದಿಯ ದಾರದ ತುದಿ ಹಿಡಿದು ಎಳೆಯಿರಿ. ಇಡೀ ದಾರ ಒಂದೇ ಎಳೆಯಾಗಿ ಬಂದುಬಿಡುತ್ತದೆ. ಬಾರದೆ ತಡೆದರೆ ಜೋರು ಮಾಡಬೇಡಿ, ತಡೆದ ಜಾಗದಲ್ಲಿ ಇನ್ನೊಂದು ಕುಣಿಕೆ ಕತ್ತರಿಸಿ. ಪದರಗಳು ತಾವಾಗಿಯೇ ಬೇರೆಯಾಗುತ್ತವೆ. ಉಳಿದ ಚೂರು ದಾರಗಳ ಮೇಲೆ ಸೆಲ್ಲೋ ಟೇಪು ಒತ್ತಿ ಎತ್ತಿ. ಒಂದೊಂದೇ ಹೆಕ್ಕುತ್ತಾ ಕೂರಬೇಡಿ.

ಬಿಚ್ಚಬೇಕಾದಷ್ಟನ್ನೇ ಬಿಚ್ಚಿ. ಒಂದು ಮೂಲೆ ಜಾರಿದ್ದರೆ ಆ ಮೂಲೆಯ ಆಚೆ ಈಚೆ ಒಂದೊಂದು ಇಂಚು ಸಾಕು. ಮರುಹೊಲಿಗೆಯನ್ನು ಹಳೆ ಹೊಲಿಗೆಯ ಮೇಲೆ ಅರ್ಧ ಇಂಚು ಹತ್ತಿಸಿಯೇ ಶುರು ಮಾಡಿ, ಹತ್ತಿಸಿಯೇ ಮುಗಿಸಿ.

ಹಂತ 6: ಬಿಚ್ಚಿದ ತುಂಡಿಗೆ ಶುಶ್ರೂಷೆ

ಈ ಹಂತ ಬಿಟ್ಟವರೇ ಎರಡನೇ ಸಲವೂ ಸೋಲುವುದು. ಬಿಚ್ಚಿದ ತುಂಡು ಸುಕ್ಕಾಗಿರುತ್ತದೆ, ಅಂಚು ಸ್ವಲ್ಪ ಉದ್ದವಾಗಿರುತ್ತದೆ, ಹಳೆ ಹೊಲಿಗೆಯ ತೂತು ಕಾಣುತ್ತಿರುತ್ತದೆ. ಅದನ್ನೇ ನೇರ ಮೆಶಿನ್ನಿಗೆ ಕೊಟ್ಟರೆ ಸೂಜಿ ಹಳೆ ದಾರಿಯನ್ನೇ ಹಿಡಿಯುತ್ತದೆ.

ತುಂಡಿಗೆ ತೆಳು ಗಂಜಿ ಚಿಮುಕಿಸಿ, ಒದ್ದೆ ಆರುವ ಮೊದಲು ಇಸ್ತ್ರಿ ಒತ್ತಿ. ಒತ್ತಿ ಅಂದೆ, ಉಜ್ಜಿ ಅನ್ನಲಿಲ್ಲ. ಅಂಗಿಗೆ ಇಸ್ತ್ರಿ ಹಾಕುವ ಹಾಗೆ ಹಿಂದೆ ಮುಂದೆ ಎಳೆದರೆ ಚೌಕ ಚೌಕವಾಗಿ ಉಳಿಯುವುದಿಲ್ಲ. ಪೆಟ್ಟಿಗೆ ಇಡಿ, ಎತ್ತಿ, ಪಕ್ಕದಲ್ಲಿ ಇಡಿ. ತೂತು ಕಂಡರೆ ಉಗುರಿನಿಂದ ಎರಡೂ ದಿಕ್ಕಿನಲ್ಲಿ ಮೆಲ್ಲಗೆ ಗೀರಿ, ಎಳೆಗಳು ಕೂಡಿಕೊಳ್ಳುತ್ತವೆ. ರೇಷ್ಮೆಯಲ್ಲಿ ತೂತು ಉಳಿದೇ ಉಳಿಯುತ್ತದೆ. ಆದ್ದರಿಂದ ರೇಷ್ಮೆ ಸೆರಗಿನ ತುಂಡಿಗೆ ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ನೋಡಿಕೊಂಡೇ ಮೆಶಿನ್ನಿಗೆ ಕೊಡಿ. ಪಾಲಿಸ್ಟರ್ ಬೆರೆತ ಬಟ್ಟೆಗೆ ಇಸ್ತ್ರಿಯ ಬಿಸಿ ತಗ್ಗಿಸಿ, ಇಲ್ಲದಿದ್ದರೆ ಮುದುಡುತ್ತದೆ.

ಆರಿದ ಮೇಲೆ ತುಂಡನ್ನು ರಟ್ಟಿನ ಅಚ್ಚಿನ ಮೇಲೆ ಇಟ್ಟು ನೋಡಿ. ಹೊರಗೆ ಚಾಚಿದ್ದನ್ನು ಕತ್ತರಿಸಿ. ಚಿಕ್ಕದಾಗಿದ್ದರೆ ಆ ತುಂಡು ಬೇಡ, ಬೇರೆ ಕತ್ತರಿಸಿ.

ಹಂತ 7: ಈ ಸಲ ಮೂಲೆ ಕೂಡಿಸುವುದು

ಇಸ್ತ್ರಿಯ ದಿಕ್ಕಿನಲ್ಲಿ ಅರ್ಧ ಕೆಲಸ ಇದೆ. ಮೊದಲ ಸಾಲಿನ ಮಾರ್ಜಿನ್‌ಗಳನ್ನು ಎಡಕ್ಕೆ ಮಲಗಿಸಿ, ಎರಡನೇ ಸಾಲಿನವನ್ನು ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಕಡು ಬಣ್ಣದ ಕಡೆಗೇ ಮಲಗಿಸಬೇಕು ಅಂತ ಹೇಳುವುದುಂಟು, ತೆಳು ಬಣ್ಣದ ಕೆಳಗೆ ಕಾಣಬಾರದು ಅಂತ. ಎರಡೂ ಆಗದಿದ್ದರೆ ಎಡ-ಬಲದ ಲೆಕ್ಕವನ್ನೇ ಹಿಡಿಯಿರಿ. ಕೂಡದ ಮೂಲೆಗಿಂತ ಮಸುಕಾಗಿ ಕಾಣುವ ಮಾರ್ಜಿನ್ ವಾಸಿ.

ಸಾಲುಗಳನ್ನು ಮುಖಾಮುಖಿ ಇಟ್ಟಾಗ ಎದುರು ಬದಿರು ಮಲಗಿದ ಎರಡು ಮಾರ್ಜಿನ್‌ಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಉಜ್ಜಿ. ಉಬ್ಬು ಸಿಕ್ಕರೆ ಒಂದರ ಮೇಲೊಂದು ಹತ್ತಿದೆ. ಹಳ್ಳ ಸಿಕ್ಕರೆ ನಡುವೆ ಜಾಗ ಉಳಿದಿದೆ. ಏನೂ ಸಿಗದೆ ನುಣ್ಣಗಿದ್ದರೆ ಕೂಡಿತು ಅಂತ ಲೆಕ್ಕ. ಇದು ಕಣ್ಣಿಗೆ ಗೊತ್ತಾಗುವುದಕ್ಕಿಂತ ಬೆರಳಿಗೆ ಚೆನ್ನಾಗಿ ಗೊತ್ತಾಗುತ್ತದೆ, ಕಣ್ಣು ಮುಚ್ಚಿ ಮಾಡಿ ನೋಡಿ. ಅಲ್ಲೇ ಒಂದು ಪಿನ್ನು ಚುಚ್ಚಿ.

ಮೊದಲು ಮೂಲೆಗಳು, ಆಮೇಲೆ ತುದಿಗಳು, ಕೊನೆಗೆ ನಡುವಿನ ಜಾಗ. ಪಿನ್ನು ಹಾಕುವ ಕ್ರಮ ಇದು. ತುದಿಯಿಂದ ಶುರು ಮಾಡಿದರೆ ವ್ಯತ್ಯಾಸವೆಲ್ಲ ಗುಡಿಸಿಕೊಂಡು ಕೊನೆಯ ಮೂಲೆಗೆ ಬರುತ್ತದೆ.

ಒಂದು ಸಾಲು ಇನ್ನೊಂದಕ್ಕಿಂತ ಸ್ವಲ್ಪ ಉದ್ದ ಇದ್ದರೆ ಉದ್ದದ್ದನ್ನು ಕೆಳಗಿಡಿ. ಮೆಶಿನ್ನಿನ ಹಲ್ಲು ಕೆಳಗಿನ ಪದರವನ್ನು ಬೇಗ ಎಳೆದುಕೊಳ್ಳುತ್ತದೆ, ಪಾದ ಮೇಲಿನದ್ದನ್ನು ತಡೆಯುತ್ತದೆ. ಹಾಗಾಗಿ ಕೆಳಗಿನ ಹೆಚ್ಚುವರಿ ತಾನಾಗಿ ಒಳಗೆ ಸೇರಿಹೋಗುತ್ತದೆ. ಒಂಬತ್ತು ಇಂಚಿಗೆ 1/8 ಇಂಚಿನ ವ್ಯತ್ಯಾಸವನ್ನು ಹೀಗೆ ಒಗ್ಗಿಸಬಹುದು. ಅದಕ್ಕಿಂತ ಹೆಚ್ಚಾದರೆ ನೆರಿಗೆ ಬೀಳುತ್ತದೆ, ಆಗ ಹಂತ 2ಕ್ಕೆ ವಾಪಸ್ ಹೋಗಿ.

ಹೊಲಿಗೆ ಒಮ್ಮೆಗೇ ಹಾಕಬೇಡಿ. ಹೊಲಿಗೆಯನ್ನು ದೊಡ್ಡದು ಮಾಡಿಕೊಂಡು ಮೂಲೆಯ ಮೇಲೆ ಮಾತ್ರ ಒಂದು ಇಂಚು ಹೊಲಿಯಿರಿ. ಎಲ್ಲ ಮೂಲೆಗೂ ಹೀಗೆ ಹಾಕಿ, ಮೆಶಿನ್ನಿನಿಂದ ತೆಗೆದು, ಬಿಡಿಸಿ ನೋಡಿ. ಸರಿ ಕೂತಿದ್ದರೆ ಮೇಲೆ ಪೂರ್ತಿ ಹೊಲಿಗೆ. ಜಾರಿದ್ದರೆ ಬಿಚ್ಚಬೇಕಾದ್ದು ನಾಲ್ಕೇ ಕುಣಿಕೆ. ನಿಧಾನ ಅನ್ನಿಸುತ್ತದೆ, ಆದರೆ ಇಡೀ ಸಾಲು ಬಿಚ್ಚುವುದಕ್ಕಿಂತ ಬೇಗ.

ಪಿನ್ನಿನ ಮೇಲೆ ಹೊಲಿಯಬೇಡಿ. ಸೂಜಿ ಹತ್ತಿರ ಬಂದಾಗ ತೆಗೆಯಿರಿ. ಸೂಜಿ ಮುರಿದರೆ ಮೊನೆಯ ಚೂರು ಸಿಗುವವರೆಗೆ ಮುಂದೆ ಹೋಗಬೇಡಿ. ಕೌದಿ ಹೊದೆಯುವುದು ಮಕ್ಕಳು.

ಹಂತ 8: ಬ್ಲಾಕ್‌ಗಳ ಅಳತೆ ಒಂದೊಂದು ಥರ ಆದಾಗ

ಹನ್ನೆರಡು ಬ್ಲಾಕ್ ಮುಗಿದ ಮೇಲೆ ಒಂದು 9, ಒಂದು 9.25, ಒಂದು 9.5 ಇಂಚು ಅಂತ ಗೊತ್ತಾದರೆ ಯಾರಿಗಾದರೂ ಅಳು ಬರುತ್ತದೆ. ಎಲ್ಲವನ್ನೂ 9ಕ್ಕೆ ಕತ್ತರಿಸುವುದು ಮೊದಲು ಹೊಳೆಯುವ ಉಪಾಯ. ಬರೀ ಚೌಕಗಳ ಬ್ಲಾಕಿಗೆ ನಡೆಯುತ್ತದೆ, ಆದರೆ ಹೊರಗಿನ ಚೌಕ ಚಿಕ್ಕದಾಗಿ ಪಕ್ಕದ ಬ್ಲಾಕಿನ ಗೆರೆಗೆ ಕೂಡುವುದಿಲ್ಲ. ಅಂಚಿಗೆ ತ್ರಿಕೋನದ ಮೊನೆ ಬಂದಿದ್ದರೆ ಅದು ತುಂಡಾಗಿ ಹೋಗುತ್ತದೆ.

ಇದಕ್ಕೆ ನನಗೆ ಹಿಡಿಸಿದ ದಾರಿ ಪಟ್ಟಿ ಕಟ್ಟುವುದು. ಒಂದೇ ಬಣ್ಣದ ಬಟ್ಟೆಯಲ್ಲಿ 1.5 ಇಂಚು ಅಗಲದ ಪಟ್ಟಿ ಕತ್ತರಿಸಿ ಪ್ರತಿ ಬ್ಲಾಕಿನ ನಾಲ್ಕೂ ಸುತ್ತ ಹೊಲಿಯಿರಿ. 9 ಇಂಚಿನ ಬ್ಲಾಕ್ 11 ಆಗುತ್ತದೆ, 9.5ರದ್ದು 11.5. ಈಗ ಎಲ್ಲವನ್ನೂ ನಡುವಿನಿಂದ ಅಳೆದು 10.5ಕ್ಕೆ ಕತ್ತರಿಸಿ. ಪಟ್ಟಿ ಒಂದರಲ್ಲಿ ಸ್ವಲ್ಪ ದಪ್ಪ, ಒಂದರಲ್ಲಿ ತೆಳು. ಅಕ್ಕಪಕ್ಕ ಹೊಲಿದ ಮೇಲೆ ಎರಡು ಪಟ್ಟಿ ಸೇರಿ ಒಂದೇ ಆಗಿ ಕಾಣುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಮೂಲೆ ಕೂಡಿಸುವ ಕಷ್ಟವೂ ಹೋಯಿತು.

ತ್ರಿಕೋನ ಇದ್ದರೆ ಬೇರೆ ಲೆಕ್ಕ

ದರ್ಜಿಗಳು ಕ್ರಾಸ್ ಅನ್ನುವ ಓರೆ ಅಂಚು ಮುಟ್ಟಿದರೆ ಸಾಕು ಉದ್ದವಾಗುತ್ತದೆ. ತ್ರಿಕೋನವನ್ನು ಬಿಡಿಯಾಗಿ ಕತ್ತರಿಸಿ ಹೊಲಿಯುವವರು ಸೋಲುವುದು ಅಲ್ಲೇ. 4 ಇಂಚಿನ ಎರಡು ಚೌಕವನ್ನು ಮುಖಾಮುಖಿ ಇಡಿ. ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿ ಕಾಲು ಇಂಚಿನಲ್ಲಿ ಹೊಲಿದು, ಆಮೇಲೆ ಗೆರೆಯ ಮೇಲೆ ಕತ್ತರಿಸಿ. ತ್ರಿಕೋನಗಳು ಜೋಡಿಯಾದ ಎರಡು ಚೌಕ ಸಿಗುತ್ತವೆ, ಎರಡನ್ನೂ 3.5ಕ್ಕೆ ಕತ್ತರಿಸಿ. ಓರೆ ಅಂಚು ಹೊಲಿಗೆಯಾದ ಮೇಲೇ ಹುಟ್ಟುವುದರಿಂದ ಎಳೆದುಕೊಳ್ಳಲು ಅವಕಾಶವೇ ಇಲ್ಲ. ಕತ್ತರಿಸುವ ಮೊದಲೇ ಬಟ್ಟೆಗೆ ಗಂಜಿ ಹಾಕಿದ್ದರೆ ಇನ್ನೂ ಒಳ್ಳೆಯದು.

ತುಂಡು ತಿರುಗಿ ಹೋಗುವುದು

ಒಂದು ಚೌಕ ತಲೆಕೆಳಗಾಗಿ ಹೊಲಿದದ್ದು ಇಡೀ ಕೌದಿ ಮುಗಿದ ಮೇಲೇ ಕಾಣುವುದು. ಹೊಲಿಯುವ ಮೊದಲು ಜೋಡಿಸಿಟ್ಟಾಗಲೇ ಫೋನಿನಲ್ಲಿ ಫೋಟೊ ತೆಗೆಯಿರಿ. ಫೋಟೊವನ್ನು ಕಪ್ಪು-ಬಿಳುಪು ಮಾಡಿ ನೋಡಿದರೆ ಯಾವ ತುಂಡು ಜಾಗ ತಪ್ಪಿದೆ ಅಂತ ಥಟ್ಟನೆ ಗೊತ್ತಾಗುತ್ತದೆ. ಪ್ರತಿ ಸಾಲಿನ ಮೊದಲ ಚೌಕದ ಎಡ ಮೇಲ್ಮೂಲೆಗೆ ನಂಬರಿನ ಚೀಟಿ ಪಿನ್ನು ಮಾಡಿ. ಮೆಶಿನ್ನಿನಿಂದ ಇಸ್ತ್ರಿ ಮೇಜಿಗೆ ಹೋಗಿ ಬರುವಾಗ ತಿರುಗಿದರೂ ಚೀಟಿ ಹೇಳುತ್ತದೆ.

ಬಣ್ಣ ಬಿಟ್ಟರೆ

ಕೆಂಪು, ಕಡು ನೀಲಿ, ಕಪ್ಪು ಹೊಸ ಬಟ್ಟೆಗಳನ್ನು ಕತ್ತರಿಸುವ ಮೊದಲೇ ಒಗೆಯಿರಿ. ಆಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಅದರ ಮೇಲೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಇನ್ನೂ ಒಗೆತ ಕೇಳುತ್ತಿದೆ, ಇಲ್ಲವೇ ಈ ಕೌದಿಗೆ ಬೇಡ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಂತುಬಿಡುತ್ತದೆ ಅನ್ನುವುದನ್ನು ನಂಬಿ ಕೂರಬೇಡಿ, ಪರೀಕ್ಷೆ ಮಾಡಿ ನೋಡಿ.

ಹೊಲಿದಾದ ಮೇಲೆ ಹತ್ತಿಕೊಂಡಿದ್ದರೆ ಒಣಗಲು ಬಿಡಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ದೊಡ್ಡ ಬಕೆಟ್ಟಿನಲ್ಲಿ ಧಾರಾಳ ನೀರು, ಸೋಪಿನ ಪುಡಿ ಹಾಕಿ ಬಟ್ಟೆ ಸಡಿಲವಾಗಿ ತೇಲುವ ಹಾಗೆ ಮುಳುಗಿಸಿ. ನೀರಿಗೆ ಬಣ್ಣ ಬಂದಾಗಲೆಲ್ಲ ಬದಲಿಸಿ.

ಸಿಟ್ಟು ಬಂತು ಅಂದರೆ

ಕೆಲಸದ ಮಧ್ಯೆ ಸಿಟ್ಟು ಬಂದದ್ದು ನಮಗೇ ತಡವಾಗಿ ಗೊತ್ತಾಗುತ್ತದೆ, ಮೆಶಿನ್ನಿಗೆ ಬೇಗ ಗೊತ್ತಾಗುತ್ತದೆ. ಕಾಲು ಜೋರಾಗಿ ತುಳಿಯುತ್ತಿರುತ್ತದೆ. ಪಿನ್ನು ಹಾಕುವುದನ್ನು ಬಿಟ್ಟಿರುತ್ತೀರಿ. ಇಸ್ತ್ರಿ ಆಮೇಲೆ ಒಟ್ಟಿಗೇ ಹಾಕಿದರಾಯಿತು ಅನ್ನಿಸುತ್ತದೆ. ಅಳೆಯದೆ ಕಣ್ಣಂದಾಜಿನಲ್ಲಿ ಕತ್ತರಿ ಆಡಿಸುತ್ತೀರಿ. ಇವುಗಳಲ್ಲಿ ಎರಡು ಕಂಡರೂ ಅವತ್ತಿಗೆ ಹೊಲಿಗೆ ಸಾಕು.

ಮುಖ್ಯವಾಗಿ ಕತ್ತರಿ ಕೆಳಗಿಡಿ. ತಪ್ಪಾಗಿ ಹೊಲಿದದ್ದನ್ನು ಬಿಚ್ಚಬಹುದು, ತಪ್ಪಾಗಿ ಕತ್ತರಿಸಿದ್ದನ್ನು ಏನು ಮಾಡುತ್ತೀರಿ? ಅಮ್ಮನ ಸೀರೆಯೋ ಅಜ್ಜಿಯ ಸೀರೆಯೋ ಆಗಿದ್ದರೆ ಅಂಗಡಿಯಲ್ಲಿ ಇನ್ನೊಂದು ಸಿಗುವುದಿಲ್ಲ. ಅಂಥ ಬಟ್ಟೆಯನ್ನು ಬೆಳಗ್ಗೆ ಕತ್ತರಿಸಿ, ಅದೂ ಕೆಲಸದ ಮೊದಲ ಅರ್ಧ ಗಂಟೆಯಲ್ಲಿ.

ಪೂರ್ತಿ ಎದ್ದು ಹೋಗಲು ಮನಸ್ಸಿಲ್ಲದಿದ್ದರೆ ತಪ್ಪಲು ಸಾಧ್ಯವಿಲ್ಲದ ಕೆಲಸ ಹಿಡಿಯಿರಿ. ಬಾಬಿನ್ ಸುತ್ತಿ, ದಾರದ ತುದಿ ಕತ್ತರಿಸಿ, ಹಲ್ಲಿನ ಕೆಳಗೆ ಸೇರಿದ ಹಿಂಜು ಬ್ರಷ್‌ನಲ್ಲಿ ತೆಗೆಯಿರಿ. ಏಳುವ ಮೊದಲು ಮುಂದಿನ ಎರಡು ತುಂಡಿಗೆ ಪಿನ್ನು ಹಾಕಿ ಮೆಶಿನ್ನಿನ ಪಕ್ಕ ಇಡಿ. ಬಿಚ್ಚುವ ಕೆಲಸವನ್ನು ಮೇಲೆ ಇಟ್ಟು ಎದ್ದರೆ ನಾಳೆ ಕೂರಲು ಮನಸ್ಸೇ ಬರುವುದಿಲ್ಲ. ಬಿಚ್ಚಬೇಕಾದವನ್ನೆಲ್ಲ ಒಂದು ಡಬ್ಬಕ್ಕೆ ಹಾಕಿಡಿ. ಟಿವಿ ನೋಡುತ್ತಾ, ಯಾರ ಜೊತೆಗೋ ಮಾತಾಡುತ್ತಾ ಒಟ್ಟಿಗೇ ಬಿಚ್ಚಿದರೆ ಅದು ಹೊಲಿಗೆಯ ಸಮಯವನ್ನು ತಿನ್ನುವುದಿಲ್ಲ.

ಸರಿಹೋಗದೇ ಉಳಿದ ಬ್ಲಾಕ್‌ಗಳು

ಏನು ಮಾಡಿದರೂ ಕೂಡದ ಕೆಲವು ಬ್ಲಾಕ್ ಉಳಿದೇ ಉಳಿಯುತ್ತವೆ. ಎಸೆಯಬೇಡಿ. ಉತ್ತರ ಕರ್ನಾಟಕದ ಕೈಹೊಲಿಗೆಯ ಕೌದಿಯಲ್ಲಿ ಮೂಲೆಗೆ ಮೂಲೆ ಕೂಡಬೇಕು ಅನ್ನುವ ನಿಯಮವೇ ಇಲ್ಲ. ಕೆಳಗೆ ಹಳೆ ಸೀರೆಯ ಪದರ, ಮೇಲೆ ತೇಪೆ, ಎಲ್ಲವನ್ನೂ ಒಟ್ಟಿಗೆ ಹಿಡಿಯುವ ಕೈಹೊಲಿಗೆ. ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತುತ್ತಾ ನಡುವಿನ ಕಡೆಗೆ ಬರುತ್ತಾರೆ. ಒಂದು ತುಂಡಿನ ಅಂಚಿನ ಮೇಲೆ ಇನ್ನೊಂದು ಹತ್ತುವುದರಿಂದ ಅಳತೆ ಹೆಚ್ಚುಕಡಿಮೆ ಆದರೂ ನಡೆಯುತ್ತದೆ.

ನೀವೂ ಹಾಗೇ ಮಾಡಿ. ಎರಡು ಮೂರು ಪದರ ಹಳೆ ಕಾಟನ್ ಸೀರೆಯನ್ನು ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಒಂದೊಂದು ಗೇಣಿಗೆ ಕಚ್ಚಾ ಹೊಲಿಗೆ ಹಾಕಿ. ಕೆಟ್ಟ ಬ್ಲಾಕಿನ ಅಂಚನ್ನು ಕಾಲು ಇಂಚು ಒಳಕ್ಕೆ ಮಡಿಚಿ ಮೂಲೆಯಲ್ಲಿ ಇಡಿ. ಪಕ್ಕದ್ದನ್ನು ಅದರ ಮೇಲೆ ಅರ್ಧ ಇಂಚು ಹತ್ತಿಸಿ. ಸಾಲಿಗೆ ಸಾಲು ಅರ್ಧ ಇಂಚು ಅಂತರದಲ್ಲಿ ಕೈಹೊಲಿಗೆ ಹಾಕುತ್ತಾ ಬನ್ನಿ. ಮೂಲೆ ತೀರಾ ಕೆಟ್ಟು ಕಾಣುವಲ್ಲಿ ಎರಡು ಇಂಚಿನ ಒಂದು ತುಂಡನ್ನು ಮಡಿಚಿ ಮೇಲೆ ಕೂರಿಸಿ. ದಪ್ಪ ಮಾರ್ಜಿನ್ ಬಂದಲ್ಲಿ ಸೂಜಿ ಕಷ್ಟಪಡುತ್ತದೆ. ಆದ್ದರಿಂದ ಬ್ಲಾಕ್ ಇಡುವ ಮೊದಲೇ ಒಳಬದಿಯಲ್ಲಿ ಗಂಟು ಬಿದ್ದ ದಾರ, ನಾಲ್ಕು ಪದರ ಸೇರಿದ ಮೂಲೆಯ ಹೆಚ್ಚಿನ ಬಟ್ಟೆ ಇವನ್ನೆಲ್ಲ ಹೊಲಿಗೆಗೆ 1/8 ಇಂಚು ಬಿಟ್ಟು ಕತ್ತರಿಸಿ ತೆಗೆದುಬಿಡಿ.